ಕಪ್ಪಾದ ಬಿಲ್ಲುಗಳು

ಮೈದಾ ತಂದ ಬಿಲ್ಲುಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಕ್ಕೆ ತುರುಕಿ ಬೇಕರಿಯ ಓವನ್ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ. ಇಲಿ ಹೋಗುವುದಿಲ್ಲ, ನೀರು ತಾಕುವುದಿಲ್ಲ ಎಂಬ ಲೆಕ್ಕಾಚಾರ ನನ್ನದು. ಈಗಿನ ಬಿಲ್ ಮೆಷಿನ್ನಿಗೆ ಶಾಯಿ ಇರುವುದಿಲ್ಲ, ಕಾಗದಕ್ಕೆ ಬಿಸಿ ತಾಗಿಸಿಯೇ ಅಕ್ಷರ ಮೂಡಿಸುತ್ತದೆ ಅನ್ನುವುದು ಯಾರಿಗೆ ಗೊತ್ತಿತ್ತು? ವರ್ಷ ಕಳೆದು ಡಬ್ಬ ತೆಗೆದರೆ ಚೀಟಿಗಳೆಲ್ಲ ಕಪ್ಪು. ಯಾವುದು ಮೈದಾ, ಯಾವುದು ಡಾಲ್ಡಾ, ದೇವರೇ ಬಲ್ಲ.

ನಕ್ಕು ಡಬ್ಬ ಮುಚ್ಚಿಟ್ಟೆ. ನಮ್ಮಂಥವರು ಲೆಕ್ಕದ ಪುಸ್ತಕ ಬರೆಯಬೇಕಾಗಿಲ್ಲ ಎಂದು ಯಾರೋ ಹೇಳಿದ್ದರು. ಮಾತು ಸುಳ್ಳೇನಲ್ಲ. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇಕಡಾ 6, ನಗದಿಗೆ ಶೇಕಡಾ 8 – ಕನಿಷ್ಠ ಇಷ್ಟನ್ನು ಲಾಭವೆಂದು ತೋರಿಸಿದರೆ ಲೆಕ್ಕಪುಸ್ತಕ ಇಡಬೇಕೆಂಬ ಕಟ್ಟುಪಾಡಿರಲಿಲ್ಲ. ಆದರೆ ಆ 6, ಆ 8 ಯಾವುದರ ಮೇಲೆ? ಈ ಪ್ರಶ್ನೆ ನನಗೆ ಹೊಳೆಯಲು 2025ರ ಜುಲೈ ಬರಬೇಕಾಯಿತು.

ಯುಪಿಐ ಜಮೆ ಹಿಡಿದು ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ತಿಂಗಳು ಅದು. ನಮ್ಮ ಬೀದಿಯ ಕ್ಯೂಆರ್ ಕೋಡ್‌ಗಳೆಲ್ಲ ಮಾಯವಾದವು. ನಾನೂ ಕೇಕ್ ಡಬ್ಬದ ರಟ್ಟಿನ ಮೇಲೆ ‘ಕ್ಯಾಶ್ ಮಾತ್ರ’ ಎಂದು ಬರೆದು ನೇತುಹಾಕಿದೆ. ನನಗೆ ನೋಟಿಸ್ ಬಂದಿರಲಿಲ್ಲ. ಬಂದರೇನು ಗತಿ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ಹಿಂದಿನ ವರ್ಷ ಖಾತೆಗೆ ಬಿದ್ದದ್ದು 41 ಲಕ್ಷ 70 ಸಾವಿರ. ಸರಕು ಮಾತ್ರ ಮಾರುವವರು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಎದೆ ಧಸಕ್ಕೆಂದಿತು.

ಸ್ಟೇಟ್‌ಮೆಂಟ್ ಹಿಡಿದು ಆಡಿಟರ್ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದು, “ಅಂಗಡೀಲಿ ಟೀ ಕೊಡ್ತೀರಾ?”

“ಇಲ್ಲ ಸಾರ್, ಪಕ್ಕದವರು ಕೊಡ್ತಾರೆ.”

“ಬಚಾವ್. ಅದು ಸೇವೆ. ಕೊಟ್ಟಿದ್ರೆ ಮಿತಿ 20 ಲಕ್ಷ.”

“ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲವಲ್ಲ ಸಾರ್, ಅದನ್ನ ಬಿಡಬಹುದಾ?”

“ಕೇಕ್, ಪಫ್ಸ್ ಕೂಡ ಮಾರ್ತೀರಲ್ಲ. ಹಾಗಾಗಿ 40 ಲಕ್ಷ ಎಣಿಸುವಾಗ ಬ್ರೆಡ್ಡೂ ಸೇರುತ್ತೆ. ಮೊದಲು ಇದರಲ್ಲಿ ವ್ಯಾಪಾರದ್ದು ಯಾವುದು, ಮನೇದು ಯಾವುದು ಬೇರೆ ಮಾಡ್ಕೊಂಡು ಬನ್ನಿ.”

ಒಂಬತ್ತು ರಾತ್ರಿ ಹಿಡಿಯಿತು. ಎತ್ತಿದ ಚೀಟಿ ದುಡ್ಡು 3 ಲಕ್ಷ ಬಂದದ್ದು ಅದೇ ಖಾತೆಗೆ. ಹಾಸನದ ಕಡೆ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದ ತಮ್ಮ ಕಂತು ಕಂತಾಗಿ ಹಾಕಿದ್ದ 6 ಲಕ್ಷವೂ ಅಲ್ಲೇ. ಇವೆರಡು ಸುಲಭವಾಗಿ ಸಿಕ್ಕವು. ಸುಸ್ತು ಮಾಡಿದ್ದು ಚಿಲ್ಲರೆ. “ಅಣ್ಣಾ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡು” ಎನ್ನುವ ಆಟೋದವರು, ಪಿಜಿ ಹುಡುಗರು. ಗಲ್ಲಾದಿಂದ ನೋಟು ತೆಗೆದುಕೊಟ್ಟು ಮರೆತುಬಿಡುತ್ತಿದ್ದೆ. ಪಫ್ಸ್ ತಿಂದು ಯಾರೂ ಸರಿಯಾಗಿ 500 ಹಾಕುವುದಿಲ್ಲವಲ್ಲ, ಹಾಗಾಗಿ ಅಂಥ ಇಡಿ ಮೊತ್ತಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತಿದೆ. ಅದೇ 1 ಲಕ್ಷ 70 ಸಾವಿರವಾಯಿತು. ಉಳಿದ 31 ಲಕ್ಷ ವ್ಯಾಪಾರ.

ಗೆದ್ದೆನೆಂದು ಹೋದರೆ ಆಡಿಟರ್ ಕನ್ನಡಕ ಏರಿಸಿ, “ಕ್ಯಾಶ್ ವ್ಯಾಪಾರ ಎಲ್ಲಿ?” ಎಂದರು.

ಅದು ಎಲ್ಲೂ ಇರಲಿಲ್ಲ. ಗಲ್ಲಾದ ದುಡ್ಡು ಹಾಲು, ಮೊಟ್ಟೆ, ಹುಡುಗರ ಸಂಬಳ ಅಂತ ಹಾಗೇ ಕರಗಿತ್ತು. ದಾರಿ ಒಂದೇ, ಮೈದಾ. ಎಷ್ಟು ಮೂಟೆ ಬಂತು ಎಂದು ಗೊತ್ತಾದರೆ ಎಷ್ಟು ಮಾಲು ಇಳಿಯಿತು, ಎಷ್ಟಕ್ಕೆ ಹೋಯಿತು ಎಂದು ಬೇಕರಿಯವನಾದವನು ಹೇಳಬಲ್ಲ. ಮೂಟೆ ಎಣಿಸಲು ಬಿಲ್ಲು ಬೇಕು. ಬಿಲ್ಲು ಡಬ್ಬದಲ್ಲಿ ಕಪ್ಪಾಗಿ ಕೂತಿತ್ತು! ಹೋಲ್‌ಸೇಲ್ ಅಂಗಡಿಯವರ ಕಾಲು ಹಿಡಿದು ವರ್ಷದ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಸಿಕೊಂಡೆ. ಅಂದಾಜು ಆರೂವರೆ ಲಕ್ಷ ನಗದು ವ್ಯಾಪಾರವಾಗಿತ್ತು. ಒಟ್ಟು 37 ಲಕ್ಷ 50 ಸಾವಿರ. ಗೆರೆಯ ಈಚೆಗಿದ್ದೆ, ಆದರೆ ಹೆಬ್ಬೆರಳು ಗೆರೆಗೆ ತಾಗುವಷ್ಟು ಹತ್ತಿರ.

ಅಪ್ಪ ಪ್ರತಿ ದೀಪಾವಳಿಗೆ ಕೆಂಪು ಬಟ್ಟೆಯ ರಟ್ಟಿನ ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು, ‘ಶ್ರೀ’ ಬರೆದು, ಅಂದಿನ ಮೊದಲ ಬನ್ನಿನ ದುಡ್ಡಿನಿಂದ ಶುರು ಮಾಡುತ್ತಿದ್ದರು. ಪೂಜೆಯನ್ನು ನಾನೂ ಬಿಟ್ಟಿರಲಿಲ್ಲ, ಬರೆಯುವುದನ್ನಷ್ಟೇ ಬಿಟ್ಟಿದ್ದೆ. ಫೋನಿನಲ್ಲಿ ಎಲ್ಲ ಇರುತ್ತದಲ್ಲ ಎಂಬ ಧೈರ್ಯ. ಫೋನಿನಲ್ಲಿ ಮೊತ್ತ ಇರುತ್ತದೆ, ಆ ಹಣ ಯಾತರದ್ದು ಅನ್ನುವುದು ಇರುವುದಿಲ್ಲ.

ಈಗ ಅಂಗಡಿಗೆ ಬೇರೆ ಕರೆಂಟ್ ಅಕೌಂಟ್, ಅದರದೇ ಕ್ಯೂಆರ್. ಶಟರ್ ಎಳೆದ ಮೇಲೆ ಕಿರ್ದಿಯಲ್ಲಿ ಮೂರು ಸಾಲು: ಗಲ್ಲಾ, ಯುಪಿಐ, ಖರ್ಚು. ಬಿಲ್ಲು ಕೈಗೆ ಬಂದ ಕೂಡಲೇ ಫೋಟೋ. ಒಬ್ಬರಿಗೇ ಒಂದು ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಲೆಕ್ಕಪುಸ್ತಕದ ಮೇಲೆ ಲಾಭ ತೋರಿಸುವವರಿಗೆ ಅದು ಖರ್ಚಿಗೆ ಸೇರುವುದಿಲ್ಲವಂತೆ. ನಾಳೆ ನಾನೂ ಆ ದಾರಿಗೆ ಬರಬೇಕಾದೀತು, ಹಾಗಾಗಿ ಮೈದಾದವರಿಗೆ ಬ್ಯಾಂಕಿನಿಂದಲೇ ಪಾವತಿ.

ತಮ್ಮನಿಗೆ ಮಾತ್ರ ಇನ್ನೂ ಅಭ್ಯಾಸ ತಪ್ಪಿಲ್ಲ. ಮೊನ್ನೆಯೂ ಬೇಕರಿ ಖಾತೆಗೇ ಇಪ್ಪತ್ತು ಸಾವಿರ ಹಾಕಿ, “ಗಾರೆಯವನಿಗೆ ಕೊಟ್ಟುಬಿಡಣ್ಣ” ಎಂದ. ಬೈದು ಮುಗಿಸಿ, ಕಿರ್ದಿ ತೆಗೆದು, ಆ ತಾರೀಖಿನ ಪಕ್ಕ ಬರೆದೆ: ತಮ್ಮ, ಗಾರೆ, ಮಾರಾಟವಲ್ಲ.