ಸಿಡ್ನಿಯಲ್ಲಿ ಮೊದಲ ಸ್ನಾರ್ಕೆಲಿಂಗ್: ಮ್ಯಾನ್ಲಿಯ ಕೊಲ್ಲಿಗೆ ಹೊರಡುವ ಮುನ್ನ

ಸಿಡ್ನಿಗೆ ಹೋದವರು ಆಪೆರಾ ಹೌಸ್ ನೋಡುತ್ತಾರೆ, ಹಾರ್ಬರ್ ಸೇತುವೆಯ ಮೇಲೆ ನಡೆಯುತ್ತಾರೆ, ಬಾಂಡೈ ಬೀಚಿನಲ್ಲಿ ಒಂದು ಸಂಜೆ ಕಳೆಯುತ್ತಾರೆ. ಆಪೆರಾ ಹೌಸಿನ ಪಕ್ಕದಲ್ಲೇ ಇರುವ ಸರ್ಕ್ಯುಲರ್ ಕೀ ಜೆಟ್ಟಿಯಿಂದ ಅರ್ಧ ಗಂಟೆ ಫೆರಿಯಲ್ಲಿ ಹೋದರೆ, ದಡದಿಂದ ನಡೆದೇ ನೀರಿಗಿಳಿದು ಮೀನುಗಳ ನಡುವೆ ತೇಲಬಹುದು ಎಂಬುದು ಬಹಳ ಜನರ ಪಟ್ಟಿಯಲ್ಲಿ ಇರುವುದೇ ಇಲ್ಲ. ಮ್ಯಾನ್ಲಿಯ ಕ್ಯಾಬೇಜ್ ಟ್ರೀ ಬೇ ಎಂಬ ಪುಟ್ಟ ಕೊಲ್ಲಿ ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ಮಾಸ್ಕ್ ತೊಟ್ಟು, ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ಬೋರಲಾಗಿ ತೇಲುವ ಸ್ನಾರ್ಕೆಲಿಂಗ್‌ಗೆ ಈಜಿನಲ್ಲಿ ಪಳಗಿರಬೇಕಿಲ್ಲ. ನೀರಿನಲ್ಲಿ ನಿಧಾನವಾಗಿ ಉಸಿರಾಡುವ ಸಮಾಧಾನ ಬೇಕು, ಕಡಲು ಸರಿಯಿಲ್ಲದ ದಿನ ದಡದಲ್ಲೇ ಉಳಿಯುವ ತಾಳ್ಮೆ ಬೇಕು. ಈ ಎರಡಿದ್ದರೆ ಉಳಿದದ್ದನ್ನು ಗೈಡ್ ಕಲಿಸುತ್ತಾರೆ.

ಈ ಕೊಲ್ಲಿಯೇ ಏಕೆ?

ಮ್ಯಾನ್ಲಿ ಬೀಚಿನ ದಕ್ಷಿಣ ತುದಿಯಿಂದ ಶೆಲ್ಲಿ ಬೀಚಿನ ಗುಡ್ಡದವರೆಗೆ ಹಬ್ಬಿರುವ ಸುಮಾರು 20 ಹೆಕ್ಟೇರ್ ನೀರು 2002ರಿಂದ ಸಂರಕ್ಷಿತ ಪ್ರದೇಶ. ಇಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ, ಏನನ್ನೂ ಹೆಕ್ಕುವಂತಿಲ್ಲ. ಹಾಗಾಗಿ ಇಲ್ಲಿನ ಮೀನುಗಳಿಗೆ ಮನುಷ್ಯರ ಭಯ ಕಡಿಮೆ. ಇಷ್ಟು ಚಿಕ್ಕ ಜಾಗದಲ್ಲಿ 160ಕ್ಕೂ ಹೆಚ್ಚು ಬಗೆಯ ಮೀನುಗಳು ದಾಖಲಾಗಿವೆ.

ಇನ್ನೊಂದು ಅನುಕೂಲ ಭೂಮಿಯ ಆಕಾರದ್ದು. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಬೀಚುಗಳೆಲ್ಲ ಸಾಮಾನ್ಯವಾಗಿ ಪೂರ್ವಕ್ಕೆ, ತೆರೆದ ಸಾಗರಕ್ಕೆ ಮುಖ ಮಾಡಿರುತ್ತವೆ. ಶೆಲ್ಲಿ ಬೀಚ್ ಮಾತ್ರ ಪಶ್ಚಿಮಕ್ಕೆ ತಿರುಗಿದೆ. ದಕ್ಷಿಣದಿಂದ ಬರುವ ದೊಡ್ಡ ಅಲೆಗಳನ್ನು ಅದರ ಬೆನ್ನಿಗಿರುವ ಗುಡ್ಡ ತಡೆಯುತ್ತದೆ. ಪಕ್ಕದ ಮ್ಯಾನ್ಲಿಯಲ್ಲಿ ಸರ್ಫಿಂಗ್ ನಡೆಯುವಾಗಲೂ ಇಲ್ಲಿ ನೀರು ಬಹುಮಟ್ಟಿಗೆ ಶಾಂತ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಲ್ಲಿ ದೋಣಿಯಲ್ಲಿ ದೂರ ಸಾಗಿ ನೇರ ಆಳದ ನೀರಿಗೆ ಇಳಿಯಬೇಕು. ಇಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಮಾಸ್ಕ್ ಹಾಕಿಕೊಳ್ಳಬಹುದು, ಸಾಕೆನಿಸಿದರೆ ಮರಳಿನ ಮೇಲೆ ಕಾಲೂರಬಹುದು.

ಯಾವ ತಿಂಗಳು, ಯಾವ ಹೊತ್ತು

ಅಲ್ಲಿನ ಋತುಗಳು ನಮಗೆ ತಿರುವುಮುರುವು. ಡಿಸೆಂಬರಿನಿಂದ ಫೆಬ್ರುವರಿ ಬೇಸಿಗೆ, ಜೂನಿನಿಂದ ಆಗಸ್ಟ್ ಚಳಿಗಾಲ. ಆದರೆ ಕಡಲಿನ ನೀರು ಬಿಸಿಯಾಗುವುದೂ ಆರುವುದೂ ನಿಧಾನ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅದು 23 ಡಿಗ್ರಿ ಆಸುಪಾಸು ಮುಟ್ಟುತ್ತದೆ, ಆಗಸ್ಟ್, ಸೆಪ್ಟೆಂಬರಿನಲ್ಲಿ 17–18ಕ್ಕೆ ಇಳಿಯುತ್ತದೆ.

ಕರ್ನಾಟಕದ ಶಾಲೆಗಳ ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳೊಂದಿಗೆ ಹೊರಡುವವರಿಗೆ ಇದರಿಂದ ಲಾಭವೇ ಇದೆ. ಅಲ್ಲಿ ಆಗ ಶರತ್ಕಾಲವಾದರೂ ನೀರು ಸುಮಾರು 20ರಿಂದ 22 ಡಿಗ್ರಿ ಇರುತ್ತದೆ, ಬೇಸಿಗೆಯ ನೂಕುನುಗ್ಗಲು ಕರಗಿರುತ್ತದೆ. ಪೂರ್ವ ಆಸ್ಟ್ರೇಲಿಯ ಪ್ರವಾಹ ಉತ್ತರದಿಂದ ಹೊತ್ತು ತಂದ ಬಣ್ಣಬಣ್ಣದ ಉಷ್ಣವಲಯದ ಮರಿಮೀನುಗಳೂ ಆಗ ಕಾಣುತ್ತವೆ. ದಸರಾ ರಜೆಗೆ ಹೋಗುವವರು ಮಾತ್ರ ಗಾಳಿ ಬೆಚ್ಚಗಿದೆಯೆಂದು ಮೋಸಹೋಗಬಾರದು, ಅಕ್ಟೋಬರಿನ ನೀರು ಇನ್ನೂ ತಣ್ಣಗೇ ಇರುತ್ತದೆ.

ಹೊತ್ತಿನ ವಿಷಯದಲ್ಲಿ ಬೆಳಗ್ಗೆಯನ್ನೇ ಆರಿಸಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಈಶಾನ್ಯದ ಕಡಲಗಾಳಿ ಏಳುತ್ತದೆ, ಗುಡ್ಡದ ಮರೆ ಆ ದಿಕ್ಕಿಗೆ ಸಾಲದು. ಆಗ ನೀರು ಕದಡುತ್ತದೆ, ಬ್ಲೂಬಾಟಲ್ ಎಂಬ ಕುಟುಕುವ ನೀಲಿ ಜೀವಿಗಳೂ ದಡಕ್ಕೆ ತೇಲಿ ಬರುತ್ತವೆ. ಜೋರು ಮಳೆಯಾದ ಮೇಲೆ ಚರಂಡಿ ನೀರು ಕಡಲು ಸೇರುವುದರಿಂದ, ತೆರೆದ ಕಡಲಿನ ಬೀಚುಗಳಲ್ಲಿ ಕನಿಷ್ಠ ಒಂದು ದಿನ, ಬಂದರಿನೊಳಗಿನ ಬೀಚುಗಳಲ್ಲಿ ಮೂರು ದಿನ ಇಳಿಯಬಾರದೆಂಬುದು ಅಲ್ಲಿನ ಸರ್ಕಾರದ ಸಲಹೆ. ನೀರಿನ ಗುಣಮಟ್ಟವನ್ನು ಸರ್ಕಾರದ ‘ಬೀಚ್‌ವಾಚ್’ ಜಾಲತಾಣ ತಿಳಿಸುತ್ತದೆ, ಹೊರಡುವ ಮುಂಜಾನೆ ನೋಡಿಕೊಳ್ಳಿ.

ತಲುಪುವ ಬಗೆ

ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ದಿನವಿಡೀ ಫೆರಿ ಇದೆ. ಸಾರಿಗೆಯ ಓಪಲ್ ಕಾರ್ಡನ್ನಾಗಲಿ, ಸಂಪರ್ಕರಹಿತ ಪಾವತಿಯ ಬ್ಯಾಂಕ್ ಕಾರ್ಡನ್ನಾಗಲಿ ಗೇಟಿನಲ್ಲಿ ತಾಗಿಸಿದರೆ ಸಾಕು. ಫೆರಿ ಬಂದರಿನ ಬಾಯಿಯನ್ನು ಹಾಯುವಾಗ ಸಾಗರದ ಅಲೆ ತುಸು ತೂಗುತ್ತದೆ, ಹೊಟ್ಟೆ ತೊಳಸುವವರು ನಡುಭಾಗದಲ್ಲಿ ಕೂರುವುದು ಒಳ್ಳೆಯದು. ಇಳಿದ ಮೇಲೆ ‘ಕಾರ್ಸೊ’ ಎಂಬ ಅಂಗಡಿಬೀದಿ ದಾಟಿ, ಬೀಚ್ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗಿ ನೀರಿನಂಚಿನ ಕಾಲುದಾರಿ ಹಿಡಿಯಿರಿ. ಬಂಡೆಗಳ ಮೇಲೆ ಬಿಸಿಲು ಕಾಯಿಸುವ ದೊಡ್ಡ ಓತಿಗಳನ್ನು ನೋಡುತ್ತ ನಡೆದರೆ ಶೆಲ್ಲಿ ಬೀಚ್ ಸಿಗುತ್ತದೆ. ಶೌಚಾಲಯ, ಸ್ನಾನದ ಶವರ್ ಅಲ್ಲೇ ಇವೆ. ಕಾರು ನಿಲ್ಲಿಸಲು ಜಾಗ ಕಡಿಮೆ, ಫೆರಿಯೇ ಸುಖ.

ಟೂರ್ ಗೊತ್ತುಮಾಡುವಾಗ ಕೇಳಬೇಕಾದ್ದು

ಮ್ಯಾನ್ಲಿಯ ಡೈವಿಂಗ್ ಅಂಗಡಿಗಳೂ ಟೂರ್ ನಡೆಸುವವರೂ ಗೈಡ್ ಜೊತೆಗಿನ ಸ್ನಾರ್ಕೆಲಿಂಗ್ ಏರ್ಪಡಿಸುತ್ತಾರೆ. ದರ ಹೋಲಿಸುವ ಮೊದಲು ಇವನ್ನು ಕೇಳಿ:

• ಒಬ್ಬ ಗೈಡ್‌ಗೆ ಎಷ್ಟು ಜನ? ಕಡಿಮೆಯಿದ್ದಷ್ಟೂ ಹೊಸಬರಿಗೆ ಒಳ್ಳೆಯದು.
• ಆಳವಿಲ್ಲದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸುತ್ತಾರೆಯೇ?
• ಸುಸ್ತಾದವರು ಹಿಡಿದು ವಿಶ್ರಮಿಸಲು ತೇಲುಬೋರ್ಡ್ ಅಥವಾ ತೇಲುಬಳೆ ಇರುತ್ತದೆಯೇ?
• ಮೈ ಬೆಚ್ಚಗಿಡುವ ವೆಟ್‌ಸೂಟ್, ಮಾಸ್ಕ್, ಕಾಲಿಗೆ ಹಾಕುವ ಫಿನ್ ಇವುಗಳ ಬಾಡಿಗೆ ದರದಲ್ಲೇ ಸೇರಿದೆಯೇ? ನಿಮ್ಮ ಅಳತೆಯದು ಇದೆಯೇ?
• ಈಜು ಎಷ್ಟು ಬರಬೇಕು, ಮಕ್ಕಳಿಗೆ ಕನಿಷ್ಠ ವಯಸ್ಸೆಷ್ಟು?
• ಕಡಲು ಸರಿಯಿಲ್ಲದೆ ರದ್ದಾದರೆ ಹಣ ಮರಳುತ್ತದೆಯೇ, ಬೇರೆ ದಿನ ಕೊಡುತ್ತಾರೆಯೇ?

ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವವರನ್ನು ನಂಬಬಹುದು. ಎಂಥ ದಿನವಾದರೂ ಕರೆದೊಯ್ಯುತ್ತೇವೆ ಎನ್ನುವವರಿಂದ ದೂರವಿರಿ.

ಯಾರು ಮೊದಲು ಯೋಚಿಸಬೇಕು

ಮಗನ ಮನೆಗೋ ಮಗಳ ಮನೆಗೋ ಬಂದ ಹಿರಿಯರು ಮೊಮ್ಮಕ್ಕಳ ಒತ್ತಾಯಕ್ಕೆ ನೀರಿಗಿಳಿಯುವುದುಂಟು. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಆಸ್ತಮಾ, ಮೂರ್ಛೆರೋಗ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಬೇಕು, ಗೈಡ್‌ಗೂ ಮುಚ್ಚಿಡಬಾರದು. ತಣ್ಣೀರು ತಾಗಿದ ಕ್ಷಣದಲ್ಲಿ ರಕ್ತನಾಳಗಳು ಬಿಗಿದು ಹೃದಯದ ಮೇಲೆ ಭಾರ ಬೀಳುತ್ತದೆ. ಮೇಲ್ನೋಟಕ್ಕೆ ಹಗುರವೆನಿಸುವ ಈ ಹವ್ಯಾಸದಲ್ಲಿ ಹಿರಿಯರಿಗೆ ಅಪಾಯ ತರುವುದು ಹೆಚ್ಚಾಗಿ ಇಂಥ ಕಾರಣಗಳೇ.

ಈಜೇ ಬಾರದವರು ಹೊರಡುವ ಮುನ್ನ ಊರಿನ ಈಜುಕೊಳದಲ್ಲಿ ಕೆಲವು ವಾರ ಕಳೆಯಿರಿ. ಬೋರಲಾಗಿ ತೇಲುವುದು, ಮುಖ ಮುಳುಗಿಸಿ ಉಸಿರು ಬಿಡುವುದು, ಕಾಲು ನೆಲಕ್ಕೆ ಎಟುಕದ ಕಡೆ ಗಾಬರಿಯಾಗದಿರುವುದು ಬಂದರೆ ದಾರಿ ಅರ್ಧ ಸವೆದಂತೆ. ಪ್ರಯಾಣ ವಿಮೆಯಲ್ಲಿ ಸ್ನಾರ್ಕೆಲಿಂಗ್ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಏನು ಒಯ್ಯಬೇಕು

ಮೈಗಂಟುವ ಈಜುಡುಗೆ, ಅದರ ಮೇಲೆ ಉದ್ದ ತೋಳಿನ ಈಜಂಗಿ. ಹತ್ತಿಯ ಟೀಶರ್ಟ್, ಚೂಡಿದಾರ ನೀರು ಹೀರಿ ಭಾರವಾಗಿ ಎಳೆಯುತ್ತವೆ, ಬೇಡ. ಬಿಸಿಲು ಅಲ್ಲಿ ನಮ್ಮ ಊಹೆಗಿಂತ ಚುರುಕು. ಬೋರಲಾಗಿ ತೇಲುವಾಗ ಕತ್ತಿನ ಹಿಂಭಾಗ, ಮೀನಖಂಡ ಸುಡುತ್ತವೆ, ಬಟ್ಟೆ ಮುಚ್ಚದ ಕಡೆ ಸನ್‌ಸ್ಕ್ರೀನ್ ಹಚ್ಚಿ. ಟವೆಲ್, ಒಣಬಟ್ಟೆ, ಕುಡಿಯುವ ನೀರು, ಮುಗಿದ ಮೇಲೆ ತಿನ್ನಲು ಏನಾದರೂ ಇರಲಿ. ಇಳಿಯುವ ಮೊದಲು ಹೊಟ್ಟೆ ಬಿರಿಯೆ ತಿನ್ನಬೇಡಿ.

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಮಾಸ್ಕ್ ಸಿಗುವುದೇ ಎಂದು ಮುಂಚೆಯೇ ವಿಚಾರಿಸಿ. ದಟ್ಟ ಮೀಸೆಯಿದ್ದರೆ ಮಾಸ್ಕಿನ ಕೆಳ ಅಂಚಿನಿಂದ ಸ್ವಲ್ಪ ನೀರು ಜಿನುಗುವುದು ಸಹಜ, ಗೈಡ್‌ಗೆ ಹೇಳಿದರೆ ಹೊಂದುವ ಮಾಸ್ಕ್ ಹುಡುಕಿಕೊಡುತ್ತಾರೆ. ಉದ್ದ ಕೂದಲನ್ನು ಹಿಂದೆ ಬಿಗಿಯಾಗಿ ಕಟ್ಟಿ, ಒಂದೆಳೆಯೂ ಮಾಸ್ಕಿನ ಅಂಚಿನಡಿ ಸಿಕ್ಕಬಾರದು.

ನೀರಿನಲ್ಲಿ

ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆಯದು. ಗಾಜಿನ ಒಳಮೈಗೆ ಎಂಜಲು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ, ಬಹಳ ಗೈಡ್‌ಗಳು ಮಾಡುವುದು ಇದನ್ನೇ.

ನಮ್ಮ ಕರಾವಳಿಯ ಬೆಚ್ಚನೆಯ ಕಡಲಿಗೆ ಒಗ್ಗಿದವರಿಗೆ ಈ ನೀರು ಮೊದಲಿಗೆ ಉಸಿರು ಕಟ್ಟಿಸುತ್ತದೆ. ಸೊಂಟದವರೆಗೆ ಇಳಿದು ನಿಲ್ಲಿ, ಮುಖಕ್ಕೆ, ಕತ್ತಿಗೆ ನೀರು ಚಿಮುಕಿಸಿಕೊಳ್ಳಿ. ಉಸಿರು ಹದಕ್ಕೆ ಬಂದ ಮೇಲಷ್ಟೇ ಮುಖ ಮುಳುಗಿಸಿ. ವೆಟ್‌ಸೂಟಿನೊಳಗೆ ಸೇರಿದ ನೀರು ಮೈಶಾಖಕ್ಕೆ ಕೆಲವೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ.

ಇನ್ನು ಮುಖ್ಯವಾದದ್ದು ಉಸಿರು. ಸ್ನಾರ್ಕೆಲ್ ಕೊಳವೆಯಲ್ಲಿ ನಾವು ಬಿಟ್ಟ ಗಾಳಿ ಸ್ವಲ್ಪ ಉಳಿದಿರುತ್ತದೆ. ಗಾಬರಿಯಲ್ಲಿ ಚಿಕ್ಕಚಿಕ್ಕದಾಗಿ, ಬೇಗಬೇಗ ಉಸಿರಾಡಿದರೆ ಅದೇ ಹಳಸಿದ ಗಾಳಿ ಒಳಗೆ ಹೋಗುತ್ತ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಉಸಿರು ಸಾಲುತ್ತಿಲ್ಲವೆನಿಸುತ್ತದೆ, ಗಾಬರಿ ಇನ್ನೂ ಏರುತ್ತದೆ. ಬಾಯಿಂದ ಆಳವಾಗಿ ಎಳೆದು, ಅದಕ್ಕಿಂತ ಉದ್ದವಾಗಿ ಬಿಡಿ. ಪ್ರಾಣಾಯಾಮದ ಅಭ್ಯಾಸವಿದ್ದವರಿಗೆ ಇದು ಸಲೀಸು, ಆದರೆ ಇಲ್ಲಿ ಕುಂಭಕ ಬೇಡ, ಉಸಿರು ಹಿಡಿಯಬಾರದು. ಕೊಳವೆಗೆ ನೀರು ನುಗ್ಗಿದರೆ ಒಮ್ಮೆ ಬಲವಾಗಿ ಊದಿ, ಹೊರಗೆ ಚಿಮ್ಮುತ್ತದೆ. ಅದಕ್ಕೂ ಸಮಾಧಾನವಾಗದಿದ್ದರೆ ಮಲಗಿದಲ್ಲೇ ಬೆನ್ನಿನ ಮೇಲೆ ಹೊರಳಿ ಆಕಾಶ ನೋಡುತ್ತ ಸುಧಾರಿಸಿಕೊಳ್ಳಿ. ಉಪ್ಪುನೀರು ಮತ್ತು ವೆಟ್‌ಸೂಟ್ ನಿಮಗೆ ತೇಲಲು ನೆರವಾಗುತ್ತವೆ.

ಕಾಲನ್ನು ಮೊಣಕಾಲಿನಿಂದ ಒದೆಯದೆ ಸೊಂಟದಿಂದ ಮೆಲ್ಲಗೆ ಆಡಿಸಿ. ಕೈ ಬೀಸುವುದೇ ಬೇಡ. ನೀರು ಕಲಕದವರ ಹತ್ತಿರಕ್ಕೆ ಮೀನುಗಳು ತಾವಾಗಿ ಬರುತ್ತವೆ.

ಕಾಣಸಿಗುವವರು

ಎಲ್ಲರೂ ಹುಡುಕುವುದು ಈಸ್ಟರ್ನ್ ಬ್ಲೂ ಗ್ರೋಪರ್ ಮೀನನ್ನು. ನ್ಯೂ ಸೌತ್ ವೇಲ್ಸ್ ರಾಜ್ಯದ ಅಧಿಕೃತ ಮೀನು ಇದು. ಒಂದು ಮೀಟರ್‌ವರೆಗೆ ಬೆಳೆಯುತ್ತದೆ, ಗಂಡು ಕಡುನೀಲಿ, ಹೆಣ್ಣು ಕಂದು. ಇವೆಲ್ಲ ಹೆಣ್ಣಾಗಿಯೇ ಬದುಕು ಆರಂಭಿಸುತ್ತವೆ, ಮುಂದೆ ಕೆಲವಷ್ಟೇ ಗಂಡಾಗಿ ನೀಲಿ ತಳೆಯುತ್ತವೆ. ಮನುಷ್ಯರಿಗೆ ಹೆದರದ ಈ ಮೀನನ್ನು ಈಟಿಯಿಂದ ಹೊಡೆಯುವುದು ಸುಲಭವಾಗಿತ್ತು, ಸಂಖ್ಯೆ ಕುಸಿದ ಮೇಲೆ 1969ರಲ್ಲಿ ಅದನ್ನು ನಿಷೇಧಿಸಲಾಯಿತು. ಇಂದು ಅದು ನಿಮ್ಮ ಪಕ್ಕದಲ್ಲೇ ಸಾಗುವುದಕ್ಕೆ ಆ ಕಾನೂನೂ ಈ ಕೊಲ್ಲಿಯನ್ನು ಕಾಪಾಡಿದ ಊರಿನವರೂ ಕಾರಣ.

ಬೇಸಿಗೆಯಿಂದ ಶರತ್ಕಾಲದವರೆಗೆ ಡಸ್ಕಿ ವೇಲರ್ ಶಾರ್ಕಿನ ಮರಿಗಳು ಇಲ್ಲಿ ಸುತ್ತಾಡುತ್ತವೆ. ಸುಮಾರು ಒಂದು ಮೀಟರ್ ಉದ್ದದ ಈ ಮರಿಗಳು ಮನುಷ್ಯರನ್ನು ಕಂಡರೆ ತಾವೇ ದೂರ ಸರಿಯುತ್ತವೆ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ದಾಟುವಾಗ ಬೆಳಕು ಬಾಗುವುದರಿಂದ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತವೆ ಎಂಬುದನ್ನು ನೆನಪಿಡಿ. ಚಳಿಗಾಲದಲ್ಲಿ ಪೋರ್ಟ್ ಜಾಕ್ಸನ್ ಶಾರ್ಕುಗಳು ಮೊಟ್ಟೆಯಿಡಲು ಬಂದು ಮರಳಿನ ಮೇಲೆ ಸುಮ್ಮನೆ ಮಲಗಿರುತ್ತವೆ. ಅವುಗಳ ಮೊಟ್ಟೆಕೋಶ ತಿರುಪುಮೊಳೆಯಂತೆ ಸುರುಳಿ ಸುತ್ತಿಕೊಂಡಿದ್ದು ಬಂಡೆಯ ಸಂದಿಯಲ್ಲಿ ಸಿಕ್ಕಿ ಭದ್ರವಾಗಿ ಉಳಿಯುತ್ತದೆ. ಅದೇ ಕಾಲದಲ್ಲಿ ಬಣ್ಣ ಬದಲಿಸುವ ದೈತ್ಯ ಕಟಲ್‌ಫಿಶ್ ಕಾಣುವುದುಂಟು. ಮರಳಿನ ಬಣ್ಣದಲ್ಲೇ ಅಡಗಿದ ತೊರಕೆ, ಕೆಲ್ಪ್ ಪಾಚಿಯ ನಡುವೆ ಕಂಬಳಿ ಬಣ್ಣದ ವೊಬೆಗಾಂಗ್ ಶಾರ್ಕ್ ಇವನ್ನೆಲ್ಲ ಗುರುತಿಸಲು ಗೈಡ್‌ನ ಪಳಗಿದ ಕಣ್ಣು ಬೇಕು. ಹಣ ಕೊಟ್ಟು ಗೈಡ್ ಜೊತೆ ಹೋಗುವುದು ಇದಕ್ಕೇ.

ಮುಟ್ಟಬೇಡಿ, ಹೆಕ್ಕಬೇಡಿ

ಖಾಲಿ ಚಿಪ್ಪನ್ನೂ ಇಲ್ಲಿಂದ ಒಯ್ಯುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಆ ಚಿಪ್ಪಿನೊಳಗೆ ಏಡಿಯಿರಬಹುದು, ನೀಲಿ ಬಳೆಗಳ ಪುಟ್ಟ ಆಕ್ಟೋಪಸ್ ಇರಬಹುದು. ಆ ಆಕ್ಟೋಪಸ್ ಕಚ್ಚಿದರೆ ಪ್ರಾಣಕ್ಕೇ ಅಪಾಯ. ಬಂಡೆಗಳ ಮೇಲೆ ಕಾಲಿಟ್ಟರೆ ಉದ್ದ ಮುಳ್ಳಿನ ಕಡಲಕುಡಿಕೆ ಚುಚ್ಚುತ್ತದೆ. ನಿಲ್ಲಬೇಕೆನಿಸಿದರೆ ಮರಳಿರುವ ಕಡೆ ಮಾತ್ರ ನಿಲ್ಲಿ. ಮೀನಿಗೆ ಬ್ರೆಡ್ಡು, ಬಿಸ್ಕತ್ತು ಹಾಕಬೇಡಿ.

ಬ್ಲೂಬಾಟಲ್ ಕುಟುಕಿದರೆ ಅಂಟಿದ ಎಳೆಗಳನ್ನು ತೆಗೆದು, ಕಡಲನೀರಿನಲ್ಲೇ ತೊಳೆದು, ತಾಳುವಷ್ಟು ಬಿಸಿಯಾದ ನೀರಿನಲ್ಲಿ 20 ನಿಮಿಷ ಇಡುವುದು ಅಲ್ಲಿನ ಚಿಕಿತ್ಸಾಕ್ರಮ. ವಿನಿಗರ್ ಹಾಕಬಾರದು. ಯಾವುದೇ ತುರ್ತಿಗೆ ಆಸ್ಟ್ರೇಲಿಯದಾದ್ಯಂತ 000ಕ್ಕೆ ಕರೆ ಮಾಡಬೇಕು. ಟೂರ್ ಮುಗಿದ ಮೇಲೆ ಮ್ಯಾನ್ಲಿಯಲ್ಲಿ ಈಜಬೇಕೆನಿಸಿದರೆ ಲೈಫ್‌ಗಾರ್ಡ್ ನೆಟ್ಟ ಕೆಂಪು–ಹಳದಿ ಬಾವುಟಗಳ ನಡುವೆಯೇ ಇಳಿಯಿರಿ. ಆ ತೆರೆದ ಬೀಚಿನಲ್ಲಿ ಒಳಗೆಳೆಯುವ ಸೆಳೆತವಿದೆ, ಶೆಲ್ಲಿಯ ಶಾಂತ ನೀರಿನಲ್ಲಿ ಬಂದ ಧೈರ್ಯವನ್ನು ಅಲ್ಲಿಗೆ ಒಯ್ಯಬೇಡಿ.

ಯೋಜನೆಯಲ್ಲಿ ಇದಕ್ಕೆ ಎಲ್ಲಿ ಜಾಗ ಕೊಡಬೇಕು

ಸ್ಕೂಬಾದಂತೆ ವಿಮಾನ ಹತ್ತುವ ಮೊದಲು ಇಷ್ಟು ಗಂಟೆ ಕಾಯಬೇಕೆಂಬ ನಿರ್ಬಂಧ ಸ್ನಾರ್ಕೆಲಿಂಗ್‌ಗೆ ಇಲ್ಲ. ಹಾಗೆಂದು ಇದನ್ನು ಪ್ರವಾಸದ ಕೊನೆಯ ದಿನಕ್ಕೆ ತಳ್ಳಬೇಡಿ. ಬಂದ ಎರಡನೆಯ ಮೂರನೆಯ ದಿನ, ನಿದ್ರೆ ಸರಿಹೋದ ಮೇಲೆ, ಬೆಳಗಿನ ತಂಡಕ್ಕೆ ಹೆಸರು ಕೊಡಿ. ವಸ್ತುಸಂಗ್ರಹಾಲಯ, ಅಂಗಡಿ ಸುತ್ತುವುದು ಯಾವ ದಿನವಾದರೂ ಆದೀತು. ಕಡಲಿನ ಒಳ್ಳೆಯ ದಿನ ನಮ್ಮ ಕೈಯಲ್ಲಿಲ್ಲ. ಇವತ್ತು ಬೇಡ ಎಂದು ಗೈಡ್ ಹೇಳಿದರೆ ಮರುಮಾತಾಡದೆ ಒಪ್ಪಿ, ಮಾರನೆಯ ಬೆಳಗ್ಗೆಯನ್ನು ಖಾಲಿ ಇಟ್ಟುಕೊಂಡಿರಿ.