ಎಸಿ ನಾನೇ ಬಿಚ್ಚಲೇ?

ಪ್ರಶ್ನೆ: ನಾನು ರಾಯಚೂರಿನ ನಿವೃತ್ತ ಶಿಕ್ಷಕ. ಮಲಗುವ ಕೋಣೆಯ ಸ್ಪ್ಲಿಟ್ ಎಸಿಯಿಂದ ಗೋಡೆಗುಂಟ ನೀರು ಇಳಿಯುತ್ತಿದೆ, ತಂಪೂ ಕಡಿಮೆಯಾಗಿದೆ. ಮೆಕ್ಯಾನಿಕ್ ಮುಚ್ಚಳ ಕೂಡ ತೆಗೆಯದೆ ‘ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು’ ಎಂದ. ಹೋದ ವರ್ಷವೂ ಹಾಗೇ ಹೇಳಿ ತುಂಬಿಸಿ ಹೋಗಿದ್ದ. ಈ ಸಲ ವಿಡಿಯೊ ನೋಡಿ ನಾನೇ ರಿಪೇರಿ ಮಾಡುತ್ತೇನೆಂದರೆ ಮನೆಯವಳು ಸ್ಕ್ರೂಡ್ರೈವರ್ ಬಚ್ಚಿಟ್ಟಿದ್ದಾಳೆ. ಕರೆಂಟಿನ ಜತೆ ಆಟ ಬೇಡ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಸ್ಕ್ರೂಡ್ರೈವರ್ ಬಚ್ಚಿಟ್ಟಲ್ಲೇ ಇರಲಿ ಸರ್. ನಿಮ್ಮ ಕೈಲಾಗುವ ಕೆಲಸಕ್ಕೆ ಅದು ಬೇಕಾಗಿಲ್ಲ.

ಗೋಡೆಗೆ ಇಳಿಯುತ್ತಿರುವುದು ನಿಮ್ಮ ಕೋಣೆಯ ಗಾಳಿಯಲ್ಲಿದ್ದ ನೀರು. ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ ಒಳಗಿನ ಕಾಯಿಲ್ ಕೂಡ ಬೆವರುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು, ಡ್ರೈನ್ ಪೈಪಿನಲ್ಲಿ ಹೊರಗೆ ಹೋಗಬೇಕು. ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿ ಆಡದಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ, ಅದು ಕರಗಿದಾಗ ತಟ್ಟೆ ತುಂಬಿ ಚೆಲ್ಲುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದರೂ ನೀರು ಒಳಗೇ ಸುರಿಯುತ್ತದೆ. ಗ್ಯಾಸ್ ಕಡಿಮೆಯಾದರೂ ಮಂಜುಗಡ್ಡೆ ಕೂರುವುದುಂಟು. ಹಾಗಾಗಿ ನಿಮ್ಮ ಮೆಕ್ಯಾನಿಕ್ ಸುಳ್ಳನ್ನೇ ಹೇಳಿದ ಎನ್ನಲಾರೆ. ಆದರೆ ನೋಡದೇ ಹೇಳಿದ.

ಮೊದಲು ಎಂಸಿಬಿ ಇಳಿಸಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಪ್ಲಾಸ್ಟಿಕ್ ಕುರ್ಚಿ ಬೇಡ, ಗಟ್ಟಿ ಏಣಿ ಇಟ್ಟು, ಮನೆಯವರಿಗೇ ಹಿಡಿದುಕೊಳ್ಳಲು ಹೇಳಿ. ಮುಂದಿನ ಮುಚ್ಚಳವನ್ನು ಕೈಯಿಂದಲೇ ಮೇಲಕ್ಕೆತ್ತಬಹುದು. ಜಾಳಿಗೆಯಂಥ ಫಿಲ್ಟರನ್ನು ಹೊರಗೆಳೆದು ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಿಮ್ಮೂರ ಧೂಳಿಗೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದರೂ ಹೆಚ್ಚಲ್ಲ. ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ತಾನಾಗಿ ಕರಗಲು ಬಿಡಿ. ಚಾಕು, ಚಮಚದಿಂದ ಕೆರೆದು ಕೊಳವೆ ತೂತಾದರೆ ಇದ್ದ ಗ್ಯಾಸೂ ಹೋಯಿತು.

ಆಮೇಲೆ ಡ್ರೈನ್ ಪೈಪಿನ ಹೊರತುದಿ ನೋಡಿ, ನಿಂತಲ್ಲೇ ಕೈಗೆ ಸಿಗುವಂತಿದ್ದರೆ ಮಾತ್ರ. ಎಷ್ಟೋ ಮನೆಗಳಲ್ಲಿ ರೋಗ ಇಲ್ಲೇ ಇರುತ್ತದೆ: ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರುತ್ತದೆ, ಪೈಪ್ ನಡುವೆ ಮೇಲೆದ್ದು ಬಾಗಿರುತ್ತದೆ, ಇಲ್ಲವೇ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ನೀರೆಳೆಯುವ ವ್ಯಾಕ್ಯೂಮ್ ಇದ್ದರೆ ತುದಿಗೆ ಬಟ್ಟೆ ಸುತ್ತಿ ಎಳೆಸಿ, ಪಾಚಿ ಲೋಳೆಯಾಗಿ ಬರುತ್ತದೆ. ಆಸಿಡ್, ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಏಪ್ರಿಲ್‌ನ ಒಣಗಾಳಿಯಲ್ಲಿ ಹೊರಗೆ ಹನಿ ಕಡಿಮೆ ಬಿದ್ದರೆ ಗಾಬರಿಯಾಗಬೇಡಿ, ಮಳೆಗಾಲದಲ್ಲಿ ಜೋರಾಗುತ್ತದೆ.

ಇಷ್ಟಕ್ಕೆ ನಿಲ್ಲಿ. ವಿಡಿಯೊದವರು ಹೊರಗಿನ ಯೂನಿಟ್ ಬಿಚ್ಚಿ ಕೆಪಾಸಿಟರ್ ಬದಲಿಸುವುದು ಸುಲಭವಾಗಿ ಕಾಣುತ್ತದೆ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಗ್ಯಾಸಿನ ವಿಷಯವೂ ಅಷ್ಟೆ: ಈಚಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲದು. ಕೆಲವುಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ಅಡುಗೆ ಅನಿಲದಲ್ಲಿರುವುದೇ. ಈ ವಿಷಯದಲ್ಲಿ ನಿಮ್ಮ ಮನೆಯವರ ಹೆದರಿಕೆ ನೂರಕ್ಕೆ ನೂರು ನ್ಯಾಯ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ: ನಿಮ್ಮ ಸಿಟ್ಟು ಎಸಿಯ ಮೇಲಲ್ಲ, ಮೆಕ್ಯಾನಿಕ್ ಮೇಲೆ. ಅವನ ಮೇಲಿನ ಹಟಕ್ಕೆ ನೀವು ಸಜ್ಜೆ ಹತ್ತುವುದು ಬೇಡ.

ಫಿಲ್ಟರ್ ತೊಳೆದು, ಪೈಪ್ ಸರಿಮಾಡಿ ಎರಡು ದಿನ ಓಡಿಸಿ. ಮತ್ತೆ ಮಂಜುಗಡ್ಡೆ ಕೂತರೆ ಬೇರೆ ಮೆಕ್ಯಾನಿಕನ್ನು ಕರೆಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ತೋರಿಸಿ, ಅದನ್ನು ಮುಚ್ಚಿದ ಮೇಲೆಯೇ ಗ್ಯಾಸ್ ತುಂಬಲು ಹೇಳಿ. ಅದಕ್ಕೊಪ್ಪದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.