ಗವಿಪುರದ ಬಿಸಿಲು, ಪರಿಷೆಯ ಕಡಲೆಕಾಯಿ: ವಿಜ್ಞಾನ ಮೇಷ್ಟ್ರಾಗುವವರಿಗೆ ಆರು ಸೂತ್ರ

ಬಿ.ಎಡ್.ನಲ್ಲಿ ವಿಜ್ಞಾನ, ಗಣಿತ ಆರಿಸಿಕೊಂಡವರ ಆಸೆ ದೊಡ್ಡದೇನಲ್ಲ. ತಾವು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೂ ತಲೆಯೆತ್ತಿ ಕೇಳಬೇಕು, ಅಷ್ಟೆ. ಅದಕ್ಕೆ ಸ್ಮಾರ್ಟ್ ಬೋರ್ಡು, ರೋಬೊಟಿಕ್ಸ್ ಕಿಟ್ಟು ಬೇಕೇ ಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವವರಿಗಂತೂ ಗೇಟು ದಾಟಿದರೆ ಪ್ರಯೋಗಾಲಯ.

1. ಎಚ್ಚೆನ್ ಅವರನ್ನು ಓದಿಕೊಳ್ಳಿ.
ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ತಂದವರು ಮರಳಿ ಬಂದದ್ದು ಅದೇ ಕಾಲೇಜಿಗೆ. 1962ರಲ್ಲಿ ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನದ ಉಪನ್ಯಾಸಕ್ಕೆ ಬೀದಿಯ ಜನರನ್ನೂ ಕರೆದರು. ಅವರ ಖಾದಿ, ಹಾಸ್ಟೆಲ್ ಕೋಣೆಯ ವಾಸ ಎಲ್ಲರ ಬಾಯಲ್ಲೂ ಇದೆ. ಮೇಷ್ಟ್ರಾಗುವವರು ಹಿಡಿಯಬೇಕಾದದ್ದು ಇನ್ನೊಂದನ್ನು: ಪ್ರಶ್ನೆ ಕೇಳದ ಕಲಿಕೆಯನ್ನು ಅವರು ಕಲಿಕೆ ಅಂತಲೇ ಒಪ್ಪುತ್ತಿರಲಿಲ್ಲ. ನಿಮ್ಮ ಪಾಠ ಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣಗಳ ಪಕ್ಕ ‘ಮಕ್ಕಳು ಕೇಳಬಹುದಾದ ಪ್ರಶ್ನೆ’ ಅಂತ ಇನ್ನೊಂದು ಗೆರೆ ಎಳೆಯಿರಿ.

2. ಸಂಕ್ರಾಂತಿಯನ್ನು ಲೆಕ್ಕಕ್ಕೆ ತನ್ನಿ.
ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುತ್ತದೆ. ಇದು ವರ್ಷಕ್ಕೊಂದೇ ಸಲವೇ ಎಂದು ತರಗತಿಯಲ್ಲಿ ಕೇಳಿ. ಸೂರ್ಯ ಡಿಸೆಂಬರ್ 21–22ರವರೆಗೆ ದಕ್ಷಿಣಕ್ಕೆ ಸರಿದು, ಮತ್ತೆ ಉತ್ತರಕ್ಕೆ ಹೊರಳುತ್ತಾನೆ. ಜನವರಿ 14 ಆ ತಿರುವಿನಿಂದ ಸುಮಾರು 24 ದಿನ ಆಚೆ. ಹಾಗಾದರೆ 24 ದಿನ ಈಚೆ, ಅಂದರೆ ನವೆಂಬರ್ ಕೊನೆಯಲ್ಲೂ ಬಿಸಿಲು ಅಲ್ಲಿಗೇ ಬೀಳಬೇಕಲ್ಲ? ಬೀಳುತ್ತದೆ. ನೆಹರೂ ತಾರಾಲಯದಲ್ಲಿದ್ದ ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯ ಬೆಳಕನ್ನು ಅಧ್ಯಯನ ಮಾಡಿದ್ದಾರೆ.

ಅಲ್ಲಿಗೇ ನಿಲ್ಲಬೇಡಿ. ಸೂರ್ಯ ಡಿಸೆಂಬರಿನಲ್ಲೇ ಉತ್ತರಕ್ಕೆ ತಿರುಗಿದ ಮೇಲೆ ಉತ್ತರಾಯಣದ ಹಬ್ಬ ಜನವರಿಗೇಕೆ? ಭೂಮಿಯ ಅಕ್ಷ ಬುಗುರಿಯ ಹಾಗೆ ಬಲು ನಿಧಾನವಾಗಿ ತೂಗುವುದರಿಂದ ಈ ಅಂತರ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಬೆಳೆದಿದೆ. 24ನ್ನು 70ರಿಂದ ಗುಣಿಸಿದರೆ, ಎರಡೂ ಒಂದೇ ದಿನ ಬೀಳುತ್ತಿದ್ದ ಕಾಲ ಸಿಗುತ್ತದೆ: ಹೆಚ್ಚುಕಡಿಮೆ 1,700 ವರ್ಷದ ಹಿಂದೆ. ಯಾರ ಭಕ್ತಿಯನ್ನೂ ಕೆಣಕದೆ, ಎಂಟನೇ ತರಗತಿಯ ಗುಣಾಕಾರದಲ್ಲಿ ಖಗೋಳ ವಿಜ್ಞಾನ ಬಂದುಬಿಟ್ಟಿತು.

3. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಕ್ಕಳ ಜೊತೆ ಹೋಗಿ.
ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆ ಕಡಲೆಕಾಯಿಯಿಂದ ತುಂಬುತ್ತದೆ. ಕಡಲೆಕಾಯಿ ಬೇರೋ, ಕಾಯಿಯೋ? ಎಷ್ಟೋ ಮಕ್ಕಳು ಬೇರು ಅಂತಾರೆ. ಹೂ ಬಿಡುವುದು ಮಣ್ಣಿನ ಮೇಲೆ. ಪರಾಗಸ್ಪರ್ಶವಾದ ಮೇಲೆ ಸೂಜಿಯಂಥ ಕಡ್ಡಿಯೊಂದು ಕೆಳಗಿಳಿದು ಮಣ್ಣು ಹೊಕ್ಕು, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಬೇರುಸಹಿತ ಗಿಡ ಸಿಕ್ಕರೆ ಬಿಡಬೇಡಿ, ಬೇರಿನ ಗಂಟುಗಳನ್ನು ತೋರಿಸಿ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಇರುವುದು ಅಲ್ಲಿ. ಸೇರಿನಲ್ಲಿ ಅಳೆದು ಕೊಂಡದ್ದನ್ನು ಶಾಲೆಯಲ್ಲಿ ತೂಗಿಸಿ. ಎರಡು ಬೀಜದ್ದು, ಮೂರು ಬೀಜದ್ದು, ಹಸಿಯದು, ಹುರಿದದ್ದು, ಒಂದೊಂದು ಸೇರಿಗೆ ಎಷ್ಟು ಗ್ರಾಂ? ಗಾತ್ರ ಬೇರೆ, ತೂಕ ಬೇರೆ ಅನ್ನುವುದು ಆ ದಿನ ತಲೆಗೆ ಹೋದರೆ ಮತ್ತೆ ಮರೆಯುವುದಿಲ್ಲ. ಸಿಪ್ಪೆಯನ್ನೂ ಬಿಸಾಡಬೇಡಿ, ಶೇಕಡಾವಾರು ಪಾಠಕ್ಕೆ ಬೇಕು.

4. ಮೇನು, ಕ್ರಾಸುಗಳಲ್ಲಿ ನಡೆಸಿ.
1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಮಲ್ಲೇಶ್ವರದ ರಸ್ತೆಗಳೇ ನಿರ್ದೇಶಾಂಕ ರೇಖಾಗಣಿತ. ಸಂಪಿಗೆ ರಸ್ತೆಯ 8ನೇ ಕ್ರಾಸಿನಿಂದ ಮಾರ್ಗೋಸ ರಸ್ತೆಯ 15ನೇ ಕ್ರಾಸಿಗೆ ನಡೆಯುವ ದಾರಿ ಎಷ್ಟು, ಕಾಗೆ ಹಾರಿದರೆ ಎಷ್ಟು? ಪೈಥಾಗೊರಸ್ ತಾನಾಗಿ ಬರುತ್ತಾನೆ.

5. ಬಸವನಗುಡಿಯ ಕಹಳೆ ಬಂಡೆಯ ಮೇಲೆ ಕೂರಿಸಿ.
ಲಾಲ್‌ಬಾಗ್ ಬಂಡೆಯ ಹಾಗೆ ಇದೂ ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ. ಒಂದು ಮಿಲಿಮೀಟರಿಗೆ ಸಾವಿರ ವರ್ಷದಂತೆ ಕಾಲರೇಖೆ ಎಳೆದರೆ ಬಂಡೆಯ ಪ್ರಾಯಕ್ಕೆ 3 ಕಿಲೋಮೀಟರ್ ಬೇಕು. ನಮ್ಮ ಕೆಂಪೇಗೌಡರ ಊರಿಗೆ ಅರ್ಧ ಮಿಲಿಮೀಟರ್ ಸಾಕು.

6. ಪ್ರಯೋಗವನ್ನು ಹಿಂದಿನ ಸಂಜೆಯೇ ಮಾಡಿ ನೋಡಿ.
ಪುಸ್ತಕದಲ್ಲಿ ಸರಿಯಾಗಿರುವುದು ಮೇಜಿನ ಮೇಲೆ ಕೈಕೊಡಬಹುದು. ಕೈಕೊಟ್ಟರೆ ಮುಚ್ಚಿಡಬೇಡಿ; ಏಕೆ ಹೀಗಾಯಿತೆಂದು ಮಕ್ಕಳ ಜೊತೆಗೇ ಹುಡುಕಿ. ಓದಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಇದೆ.

ಶಾಲೆಗಳ ಹಿರಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಬಿ.ಎಡ್. ಮಕ್ಕಳು ಬಂದಾಗ ರಜೆ ಹಾಕಿದವರ ಪಿರಿಯಡ್ ತುಂಬಲು ಮಾತ್ರ ಅವರನ್ನು ಕಳಿಸಬೇಡಿ. ಪ್ರಯೋಗಾಲಯದ ಬೀಗದ ಕೈ ಕೊಡಿ. ಗಾಜಿನ ಸಾಮಾನು ಒಂದೆರಡು ಒಡೆದರೂ ಪರವಾಗಿಲ್ಲ.